ಆಯಿ ಫೋನ್ ಎತ್ತಿದರೆ ನೆಟ್ ಹೋಯ್ತು

ಊರಿಗೆ ಬ್ರಾಡ್‌ಬ್ಯಾಂಡ್ ತರಿಸಲು ಓಡಾಡಿದವರು ಬಹಳ ಗಂಭೀರ ಮಂದಿ ಇರಬೇಕು ಅಂತ ನೀವು ಅಂದುಕೊಂಡಿದ್ದರೆ, ನೀವು ನಮ್ಮ ರಾಜೇಶ್ವರಕ್ಕೆ ಬಂದಿಲ್ಲ. ಇಲ್ಲಿ ಗಂಭೀರವಾಗಿ ಶುರು ಮಾಡಿದ ಯಾವ ಕೆಲಸವೂ ಸಂಜೆತನಕ ಗಂಭೀರವಾಗಿ ಉಳಿದದ್ದನ್ನು ನಾನು ಕಂಡಿಲ್ಲ.

ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವಿನ ಈ ಊರಲ್ಲಿ ನಾನೊಂದು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ಕಾಲೇಜಿನ ಅರ್ಜಿಗಳೆಲ್ಲ ಒಂದೊಂದಾಗಿ ಆನ್‌ಲೈನ್ ಆಗುತ್ತಿದ್ದ ಕಾಲ. ಹುಮನಾಬಾದಿನ ನೆಟ್ ಅಂಗಡಿಯಲ್ಲಿ ಸರದಿ ನಿಂತು ಬರಿಗೈಲಿ ಬಂದ ಹುಡುಗಿಯರಿಗೆ ಮನೆಯಲ್ಲಿ ಒಂದೇ ಮಾತು: "ಫಾರಂ ತುಂಬೂದಕ್ಕೇ ನಾಕ್ ಸಲ ಹೋಗೂದಾದ್ರ ಕಾಲೇಜಿಗಿ ಎಷ್ಟ್ ಸಲ ಹೋಗ್ಬೇಕು? ಮನ್ಯಾಗ ಕುಂದ್ರು." ಹಾಗಾಗಿ ಅರ್ಜಿ ನನ್ನ ಕ್ಲಾಸಿನಿಂದಲೇ ಹೋಗಬೇಕಿತ್ತು. ಹೋಗದಿದ್ದರೆ ಆ ಹುಡುಗಿಯರ ಓದು ಅಲ್ಲಿಗೇ ಮುಗಿದಂತೆ.

ಒಳಗೆ ನರಳುವವರು

ಕ್ಲಾಸು ಇದ್ದದ್ದು ಒಬ್ಬ ಅಜ್ಜಿಯ ಪಡಸಾಲೆಯಲ್ಲಿ. ಓಣಿಯೆಲ್ಲ ಅವರನ್ನು ಆಯಿ ಅಂತಲೇ ಕರೆಯುತ್ತಿತ್ತು. ಫೋನ್ ಕನೆಕ್ಷನ್ನೂ ಆಯಿಯದೇ. ಸೊಲ್ಲಾಪುರದ ಮಗಳ ಜೊತೆ ಮಾತಾಡಲು ಹಾಕಿಸಿದ್ದು. ಅದೇ ತಂತಿಯಿಂದ ನನ್ನ ಕಂಪ್ಯೂಟರಿಗೆ ನೆಟ್. ಆಯಿ ಒಳಗೆ ರಿಸೀವರ್ ಎತ್ತಿದರೆ ಹೊರಗೆ ನೆಟ್ ಕಟ್.

ಒಮ್ಮೆ ಒಬ್ಬ ಹುಡುಗಿಯ ಅರ್ಜಿ ಪೂರ್ತಿ ತುಂಬಿ, ಫೋಟೋ ಹೋಗುತ್ತಿತ್ತು. ಅರ್ಧ ಮೂಗಿನ ತನಕ ಹೋಗಿತ್ತು. ಒಳಗಿನಿಂದ ಆಯಿ ಚೀರಿದರು:

"ಅಕ್ಕೋರ, ಓಡಿ ಬರ್ರಿ! ಫೋನಿನಾಗ ಯಾರೋ ನರಳಾಕತ್ತಾರ!"

ನೆಟ್ ಹೋಯ್ತು. ಅರ್ಜಿಗೆ ಅವತ್ತೇ ಕೊನೆಯ ದಿನ; ಹುಡುಗಿ ಅಳುವುದಕ್ಕೆ ಶುರು ಮಾಡಿದಳು.

"ಆಯಿ, ಅದು ಇಂಟರ್ನೆಟ್ಟಿನ ಸಪ್ಪಳ," ಅಂದೆ.

"ಇಷ್ಟ್ ನರಳೂದನ್ನ ಇಟ್ಕೊಂಡು ಹುಡುಗ್ಯಾರಿಗಿ ಏನ್ ಕಲಸ್ತೀರಿ? ಮೊದಲ ಅದನ್ನ ದವಾಖಾನಿಗಿ ಒಯ್ರಿ."

ಎದುರಿನ ಅಂಗಡಿ

ಬ್ರಾಡ್‌ಬ್ಯಾಂಡ್ ಬಂದರೆ ಫೋನೂ ನೆಟ್ಟೂ ಕೂಡಿಯೇ ನಡೆಯುತ್ತವೆ ಎಂದು ಗೊತ್ತಾಯಿತು. ಫೋನ್ ಆಫೀಸಿನ ಸಾಹೇಬರು, "ಹದಿನೈದು ಮಂದಿ ಬೇಕಂತ ಬರಕೊಡ್ರಿ, ಮ್ಯಾಲ ಕಳಸ್ತೀನಿ," ಎಂದರು. ನಾನೂ ಊರಿನ ನಿವೃತ್ತ ಹೆಡ್ಮಾಸ್ತರರೂ ಸಹಿಗೆ ಹೊರಟೆವು. ಮೊದಲು ಸಿಕ್ಕವರು ಕಿರಾಣಿ ಅಂಗಡಿಯವರು.

"ಏನ್ ಬರ್ತದ್ರಿ ಇದರಾಗ?"

"ಎಲ್ಲಾ ಬರ್ತದ್ರಿ. ಸುದ್ದಿ, ಚಿತ್ರ, ಮಾರ್ಕೆಟಿನ ರೇಟು. ಒಂದ್ಸಲ ಕುಂತ್ರ ಏಳೂದಕ್ಕೇ ಮನಸಾಗಂಗಿಲ್ಲ," ಎಂದರು ಹೆಡ್ಮಾಸ್ತರರು.

ಅಂಗಡಿಯವರು ತೊಗರಿಬೇಳೆಯಲ್ಲಿ ಕೈಯಾಡಿಸಿದರು. ಆಮೇಲೆ ಎದುರಿನ ಕಿರಾಣಿ ಅಂಗಡಿಯ ಕಡೆ ಗದ್ದ ತೋರಿಸಿ ಮೆಲ್ಲಗೆ ಹೇಳಿದರು:

"ಹಂಗಾದ್ರ ಮೊದಲ ಅವಗ ಹಾಕ್ಸ್ರಿ."

ಮುಂಗಡ ಶಾಲು

ಹದಿನೈದು ಸಹಿ ಆದವು. ಸಾಹೇಬರು ಒಳ್ಳೆಯವರು, ಹೋದಾಗಲೆಲ್ಲ ಚಹಾ ಕುಡಿಸುತ್ತಿದ್ದರು. ಆದರೆ "ಮ್ಯಾಲಿಂದ ಸಾಮಾನು ಬರಬೇಕ್ರಿ" ಎನ್ನುವುದರಿಂದ ಮಾತು ಮುಂದೆ ಹೋಗುತ್ತಿರಲಿಲ್ಲ. ಕೊನೆಗೆ ಹೆಡ್ಮಾಸ್ತರರು ಒಂದು ಉಪಾಯ ತೆಗೆದರು.

"ಕೆಲಸ ಮಾಡ್ದೋರಿಗಿ ಎಲ್ಲಾರೂ ಸತ್ಕಾರ ಮಾಡ್ತಾರ. ಮಾಡೂಕಿಂತ ಮೊದಲೇ ಮಾಡಿ ನೋಡ್ರಿ. ಋಣ ಇಟ್ಕೊಂಡು ಆ ಮನಷ್ಯಾಗ ಉಂಡದ್ದು ಕರಗಂಗಿಲ್ಲ."

ಶಾಲು ಆಯಿಯ ಟ್ರಂಕಿನಿಂದ ಬಂತು. ಯಾವುದೋ ಮದುವೆಯಲ್ಲಿ ಅವರ ಯಜಮಾನರಿಗೆ ಹೊದಿಸಿದ್ದು. ಒಂದು ಮೂಲೆಯಲ್ಲಿ ಇಲಿ ಕಡಿದಿತ್ತು. ತೂತು ಕಾಣದಂತೆ ಮಡಚಿ ಒಯ್ದೆವು.

ಸಾಹೇಬರು ಗಾಬರಿಯಾದರು. "ನಾ ಏನ್ ಮಾಡೀನ್ರಿ?"

"ಮಾಡೋರಿದ್ದೀರಲ್ರಿ, ಅದಕ್ಕ," ಎಂದು ಹೆಡ್ಮಾಸ್ತರರು ಹಾರ ಹಾಕಿ, ಮಡಚಿದ ಶಾಲನ್ನು ಕೈಗಿಟ್ಟೇ ಬಿಟ್ಟರು.

ಪಾಪ, ಸಾಹೇಬರು ಆ ಶಾಲನ್ನು ಮನೆಗೆ ಒಯ್ಯಲಿಲ್ಲ. ಕೆಲಸ ಆದ ದಿನವೇ ಹೊದೆಯುತ್ತೇನೆಂದು ಮಡಿಕೆ ಸಹ ಬಿಚ್ಚದೆ ಆಫೀಸಿನ ಕಪಾಟಿನಲ್ಲಿಟ್ಟರಂತೆ. ಅದು ಪ್ರತಿದಿನ ಅವರನ್ನು ನೋಡುತ್ತಿತ್ತು. ಅವರು ಮೇಲಿನವರಿಗೆ ಪತ್ರದ ಮೇಲೆ ಪತ್ರ ಬರೆದರು. ಎರಡು ತಿಂಗಳ ಮೇಲೆ ನಾವು ಮತ್ತೊಂದು ಹಾರ ಹಿಡಿದು ಹೋದಾಗ, ಕಿಟಕಿಯಿಂದಲೇ ಕೈ ಮುಗಿದು ಕೂಗಿದರು:

"ಬ್ಯಾಡ್ರಿ ಮಾಸ್ತರ! ಸಾಮಾನು ಬಂದದ್ರಿ!"

ಎರಡೂ ಕೂಡಿ

ಮೊದಲ ಕನೆಕ್ಷನ್ ಆಯಿಯ ಮನೆಗೇ ಬಂತು. ಅರ್ಧ ಮೂಗಿನ ಹುಡುಗಿ ಮುಂದಿನ ವರ್ಷದ ಅರ್ಜಿ ಹಿಡಿದು ಕುಳಿತಿದ್ದಳು. ಅವತ್ತೇ ಕೊನೆಯ ದಿನ. ಈ ಸಲವೂ ತಪ್ಪಿದರೆ ಲಗ್ನ ಮಾಡುತ್ತೇವೆಂದು ಅವರಪ್ಪ ಹೇಳಿಯಾಗಿತ್ತು. ಸಾಹೇಬರು ಕಪಾಟಿನಿಂದ ಶಾಲು ತೆಗೆದು, ಮಡಿಕೆ ಸಮೇತ ಹೆಗಲ ಮೇಲೆ ಹಾಕಿಕೊಂಡು, ಖುದ್ದು ಬಂದಿದ್ದರು. ಪಡಸಾಲೆ ತುಂಬಾ ಜನ.

"ಆಯಿ, ಈಗ ಫೋನ್ ಮಾಡ್ರಿ," ಎಂದರು ಸಾಹೇಬರು.

"ನಾ ಒಲ್ಲೆ. ಆ ಕೂಸಿನ ಫಾರಂ ಹೋಗಾಕತ್ತದ."

"ಏನೂ ಆಗಂಗಿಲ್ರಿ. ನನ್ ಮ್ಯಾಲ ಭರವಸಾ ಇಡ್ರಿ."

ಆಯಿ ಒಳಗೆ ಹೋಗಿ, ದೇವರ ಕಡೆ ನೋಡಿ ರಿಸೀವರ್ ಎತ್ತಿ ಸೊಲ್ಲಾಪುರಕ್ಕೆ ಹಚ್ಚಿದರು. ಹುಡುಗಿ ಗುಂಡಿ ಒತ್ತಿದಳು. ನಾವೆಲ್ಲ ಪರದೆಗೆ ಮುಖ ಹಚ್ಚಿದೆವು. ಫೋಟೋ ಮೂಗು ದಾಟಿತು. ಬಾಯಿ ಬಂತು. ನೆಟ್ ಹೋಗಲಿಲ್ಲ. ಯಾರೂ ತಮಗೆ "ಫೋನ್ ಇಡ್ರಿ, ಫೋನ್ ಇಡ್ರಿ" ಎನ್ನುತ್ತಿಲ್ಲ ಎನ್ನುವುದು ಆಯಿಗೆ ತಿಳಿದು ದನಿ ಏರಿತು:

"ಹೂಂ ಮಗಳಾ, ಈಗ ಎಷ್ಟ್ ಬೇಕಾದ್ರೂ ಮಾತಾಡಬೌದಂತ! ಸಾಹೇಬ್ರೂ ಬಂದಾರ. ಹೌದು, ಶಾಲು ಹೊತ್ಕೊಂಡೇ ಬಂದಾರ. ಯಾವ್ದು? ಅದೇ, ನಿಮ್ಮಪ್ಪಂದು, ಇಲಿ ಕಡ್ದದ್ದು. ತೂತು ಒಳಗ ಮಡಚಿ ಕೊಟ್ಟಾರ. ಇಲ್ಲವಾ, ಅವ್ರಿಗಿ ಇನ್ನೂ ಗೊತ್ತಾಗಿಲ್ಲ!"

ಸಾಹೇಬರ ಕೈ ನಿಧಾನವಾಗಿ ಶಾಲಿನ ಮಡಿಕೆಯೊಳಗೆ ಹೋಯಿತು. ಇನ್ನೊಂದು ಬದಿಯಿಂದ ಅವರ ತೋರುಬೆರಳು ಹೊರಗೆ ಬಂತು. ಅವರು ಬೆರಳನ್ನು ನೋಡಿದರು. ಬೆರಳು ನನ್ನನ್ನು ತೋರಿಸುತ್ತಿತ್ತು.

ಈ ಲೈನು ಕಟ್ ಆಗಬಾರದು ಎಂದು ವರ್ಷವಿಡೀ ಓಡಾಡಿದವಳು ನಾನು. ಅವತ್ತು ಮೊದಲ ಸಲ, ದೇವರೇ, ಈಗೊಮ್ಮೆ ಕಟ್ ಆಗಲಿ ಎಂದು ಬೇಡಿಕೊಂಡೆ.

ಆಗಲಿಲ್ಲ. ಹುಡುಗಿ "ಹೋಯ್ತ್ರೀ ಅಕ್ಕೋರ!" ಎಂದು ಕುಣಿದಳು. ಸಾಹೇಬರು ಬೆರಳನ್ನು ತೂತಿನಲ್ಲೇ ಇಟ್ಟುಕೊಂಡು ನಗಲು ಶುರು ಮಾಡಿದರು. ಒಳಗೆ ಲೈನು ಬಹಳ ಸ್ವಚ್ಛವಾಗಿತ್ತು. ಆಯಿ ಆಗಷ್ಟೇ, ಈ ಉಪಾಯ ತೆಗೆದ ಹೆಡ್ಮಾಸ್ತರರ ಸುದ್ದಿ ಶುರು ಮಾಡಿದ್ದರು.