ನಾಲ್ಕನೇ ನಂಬರಿನ ಅವ್ವ

ಸಿಂದಗಿಯ ಹೊರಗಿದ್ದ ಆ ವೃದ್ಧಾಶ್ರಮದಲ್ಲಿ ನರ್ಸುಗಳ ಮೇಲ್ವಿಚಾರಕಿ ಸುಮಂಗಲಾ ಮಾಡಿದ ತಪ್ಪು ಬಹಳ ಸಣ್ಣದು. ಮಧ್ಯಾಹ್ನ ಹನ್ನೆರಡರ ತಪಾಸಣೆಯ ಹಾಳೆಗಳಿಗೆ ಬೆಳಿಗ್ಗೆ ಒಂಬತ್ತಕ್ಕೇ ಸಹಿ ಹಾಕಿಬಿಟ್ಟಳು. ಬಿ.ಪಿ. ಎಷ್ಟು, ಊಟ ಎಷ್ಟು ಎಂಬುದನ್ನೆಲ್ಲ ನರ್ಸ್ ಸುರೇಖಾ ಅಂದಾಜಿನಲ್ಲಿ ಬರೆದಿಟ್ಟಿದ್ದಳು. ದಿನವೂ ಹಾಗೇ ನಡೆಯುತ್ತಿತ್ತು. ಮುದುಕಿಯರೂ ಪಾಪ, ಆ ಅಂದಾಜು ತಪ್ಪದಂತೆ ಬದುಕಿಕೊಂಡಿದ್ದರು.

ಹನ್ನೊಂದಕ್ಕೆ ಸುರೇಖಾ ಓಡಿಬಂದಳು. ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು.

"ಮೇಡಂ, ನಾಕನೇ ನಂಬರ್ ಏಳವಲ್ಲರ್ರಿ. ಕೈ ಥಣ್ಣಗ ಆಗೇತಿ."

ನಾಲ್ಕನೇ ನಂಬರ್ ಎಂದರೆ ರೇವವ್ವ. ಚಾದರವನ್ನು ತಲೆಯ ಮೇಲೆಳೆದುಕೊಂಡು, ಗೋಡೆಯ ಕಡೆ ಹೊರಳಿ ಮಲಗಿತ್ತು ಜೀವ. ಸುಮಂಗಲಾ ಚಾದರದೊಳಗೆ ಕೈ ತೂರಿಸಿ ಮಣಿಕಟ್ಟು ಹಿಡಿದಳು. ನಾಡಿ ಇರಲಿಲ್ಲ. ಬೆರಳುಗಳು ಆಗಲೇ ಸೆಟೆದಿದ್ದವು. ಮಂಚಕ್ಕೆ ತೂಗುಹಾಕಿದ್ದ ಹಾಳೆ ಮಾತ್ರ ಬೇರೆಯೇ ಹೇಳುತ್ತಿತ್ತು: ಹನ್ನೆರಡು ಗಂಟೆ, ಬಿ.ಪಿ. ಸರಿಯಾಗಿದೆ, ಒಂದೂವರೆ ರೊಟ್ಟಿ ಉಂಡರು, ಲವಲವಿಕೆಯಿಂದಿದ್ದಾರೆ.

"ಹರದು ಒಗದುಬಿಡೂಣ್ರಿ," ಎಂದಳು ಸುರೇಖಾ.

"ಬ್ಯಾಡ. ತಪ್ಪು ನಂದೈತಿ. ಡಾಕ್ಟರಿಗೂ ಹೇಳ್ತೇನಿ, ಮನಿಯವರಿಗೂ ಹೇಳ್ತೇನಿ."

ಡಾಕ್ಟರಿಗೆ ಫೋನ್ ಹೋಯಿತು. ಆಮೇಲೆ ಯಂಕಂಚಿಯಲ್ಲಿದ್ದ ರೇವವ್ವನ ಮಗ ಮಾಳಿಂಗನಿಗೆ. "ನಿಮ್ಮ ಅವ್ವಾರು ತೀರಿಕೊಂಡಾರ್ರಿ. ಎಷ್ಟೊತ್ತಿಗೆ ಅಂತ ನನಗ ಗೊತ್ತಿಲ್ಲ. ನೋಡದನ ಸಹಿ ಮಾಡಿದ್ದೆ." ಆ ಕಡೆ ಗೋಳೆದ್ದಿತು. ಈ ಕಡೆ ಸುಮಂಗಲಾಳ ಎದೆಯಿಂದ ಬೀಸುಕಲ್ಲು ಇಳಿದಂತಾಯಿತು.

ಹನ್ನೆರಡಾಗುತ್ತ ಬಂದಾಗ ಅಡುಗೆಯ ಇಬ್ರಾಹಿಂಸಾಬ ಚಹಾದ ಖಾಲಿ ಬಸಿ ಹಿಡಿದು ಬಂದ. "ರೇವವ್ವಾರು ಇನ್ನೊಂದು ಸಲ ಚಾ ಕುಡುದ್ರರಿ. ಸಕ್ರಿ ಕಡಿಮಿ ಆಗೇತಿ ಅಂತ ಬೈದ್ರು."

"ಯಾವಾಗ?"

"ಈಗರಿ. ಹಿತ್ತಲ ಬಾಗಲದಾಗ."

ಹೊರಗೆ ಮಟಮಟ ಮಧ್ಯಾಹ್ನ. ಬೇವಿನ ಮರದ ಒಂದೆಲೆಯೂ ಅಲುಗುತ್ತಿರಲಿಲ್ಲ. ಹಿತ್ತಲಿನಿಂದ ಬೀಸುಕಲ್ಲಿನ ಹಾಡೊಂದು ತೆಳ್ಳಗೆ ಕೇಳಿಬಂತು. ದನಿ ರೇವವ್ವನದೇ. ಸುರೇಖಾ ಸುಮಂಗಲಾಳ ತೋಳನ್ನು ಉಡದಂತೆ ಹಿಡಿದಳು. ಹಾಡು ನಿಂತಿತು. ಪಡಸಾಲೆಯಲ್ಲಿ ಕೋಲಿನ ಸಪ್ಪಳ ಶುರುವಾಯಿತು: ಟಕ್, ಟಕ್. ಹತ್ತಿರ, ಇನ್ನೂ ಹತ್ತಿರ. "ಯಾ ಅಲ್ಲಾ," ಎಂದು ಇಬ್ರಾಹಿಂಸಾಬ ಬಸಿಯನ್ನು ಎದೆಗವಚಿಕೊಂಡ.

ಬಾಗಿಲಲ್ಲಿ ರೇವವ್ವ ನಿಂತಿದ್ದಳು. "ಯಾಕ, ಎಲ್ಲಾರೂ ದೆವ್ವ ಕಂಡಂಗ ನಿಂತೀರಿ?"

ಸುಮಂಗಲಾಳ ಬೆರಳು ಮಂಚದತ್ತ ತಿರುಗಿತು.

"ಅಕಿ ಬಾಜೂ ಮಂಚದ ಶೆಟ್ಟೆವ್ವ ಅಲ್ಲೇನ್ರಿ! ತನ್ನ ಮಂಚದ ಮ್ಯಾಲಿನ ಫ್ಯಾನ್ ತಿರಗವಲ್ದು ಅಂತ ನಿಮಗ ಹೇಳಿ ಹೇಳಿ ಸಾಕಾತು ಅಕಿಗೆ. ನಿನ್ನೆ ಜಾಗಾ ಅದಲಿ ಬದಲಿ ಮಾಡಿಕೊಂಡ್ವಿ. ಮುಂಜಾನೆ ಈ ಹುಡುಗಿ ಅಕಿ ಗುಳಿಗಿ ನನಗ ಕೊಟ್ಲು. ನುಂಗೇನಿ."

ಸುಮಂಗಲಾ ಚಾದರ ಸರಿಸಿದಳು. ಆರು ತಿಂಗಳ ನೌಕರಿಯಲ್ಲಿ ಆ ಮುಖವನ್ನು ಅವಳು ನೆಟ್ಟಗೆ ನೋಡಿದ್ದು ಅದೇ ಮೊದಲು. ಗದ್ದದ ಮೇಲೆ ಹಸಿರು ಹಚ್ಚೆಯ ಚುಕ್ಕಿ. ಯಾರನ್ನೋ ಕರೆಯಲು ತೆರೆದು ಹಾಗೇ ಉಳಿದ ಬಾಯಿ. ದೆವ್ವವನ್ನೇ ಕಂಡಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು. ಸುಮಂಗಲಾ ಗಾಬರಿಯಲ್ಲಿ ಚಾದರ ಹೊದಿಸಿದಳು. ರೇವವ್ವ ಬಾಗಿಲ ಹಿಂದೆ ಸರಿದಳು. ಮಾಳಿಂಗ ಹೆತ್ತ ತಾಯಿಯ ಮಗ್ಗುಲಿನಿಂದಲೇ ಹಾಯ್ದು ಬಂದು ಮಂಚದ ಕಾಲಬುಡದಲ್ಲಿ ಬಿದ್ದ. "ಯವ್ವಾ, ನನ್ನ ಬಿಟ್ಟು ಹ್ಯಾಂಗ ಹೋದೇಬೇ!"

ಚಾದರವನ್ನು ಅವನೂ ಸರಿಸಲಿಲ್ಲ.

ಬಾಗಿಲ ಬಳಿಗೆ ಸರಿದಿದ್ದ ಸುಮಂಗಲಾ ನಿಜ ಹೇಳಲು ಬಾಯಿ ತೆರೆದಳು. ಬಾಗಿಲ ಸಂದಿಯಿಂದ ಒಂದು ಕೈ ಬಂದು ಅವಳ ಮಣಿಕಟ್ಟು ಹಿಡಿಯಿತು. "ಸುಮ್ಮನಿರ್ರಿ," ಎಂದು ಪಿಸುಗುಟ್ಟಿದಳು ರೇವವ್ವ. "ಶೆಟ್ಟೆವ್ವಗ ಅಳಾವ್ರು ಯಾರೂ ಇಲ್ಲ. ಹೆಂಗೂ ಬಂದಾನ, ಅಳಲಿ."

ಆಗಲೇ ಡಾಕ್ಟರು ಒಳಬಂದರು. ನಾಡಿ ನೋಡಿದರು, ತಲೆಯಾಡಿಸಿದರು, ಮಗನ ಅಳುವನ್ನೂ ಮಂಚದ ನಂಬರನ್ನೂ ನೋಡಿ ಮರಣಪತ್ರ ಬರೆಯಲು ಪೆನ್ನು ತೆಗೆದರು.

"ರೇವವ್ವ ಅಂತ ಬರೀಲೇನ್ರಿ ಮೇಡಂ? ನೀವೂ ಇಲ್ಲೊಂದು ಸಹಿ ಮಾಡ್ರಿ."

ಬಾಗಿಲ ಹಿಂದಿನ ಕೈ ಅವಳ ಮಣಿಕಟ್ಟನ್ನು ಇನ್ನಷ್ಟು ಬಿಗಿಯಿತು.