ಅಗಲವಿಲ್ಲದ ಗೆರೆ

ಗೆರೆಗೆ ಉದ್ದವಿದೆ, ಅಗಲವಿಲ್ಲ. ಗುಬ್ಬಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಇದನ್ನೇ ಹೇಳಿಕೊಟ್ಟು ನಿವೃತ್ತನಾದವನು ನಾನು. ಒಂದೇ ಮಾತನ್ನು ಅಷ್ಟು ವರ್ಷ ಹೇಳುತ್ತ ಬಂದರೆ ಕೇಳಿದ ಮಕ್ಕಳು ಮರೆತುಬಿಡುತ್ತಾರೆ, ಹೇಳಿದವನು ನಂಬಿಬಿಡುತ್ತಾನೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಹುರಿಹಗ್ಗದಷ್ಟು ದಪ್ಪನೆಯ ಗೆರೆ ಎಳೆದು, ಇದಕ್ಕೆ ಅಗಲವೇ ಇಲ್ಲ ಎಂದು ಇಡೀ ತರಗತಿಯ ಎದುರೇ ಸಾರಿದ್ದೇನೆ. ಒಬ್ಬ ಹುಡುಗನಾದರೂ ಎದ್ದು ನಿಂತು 'ಹಂಗಾದ್ರೆ ನಮಗೆ ಕಾಣ್ತಿರೋದೇನು ಸಾರ್?' ಎಂದು ಕೇಳಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು. ಕೇಳಲಿಲ್ಲ. ಶಿಸ್ತನ್ನು ಕಲಿಸಿದವನೂ ನಾನೇ.

ನನ್ನ ಹೆಂಡತಿ ಸರೋಜ ಪುಟ್ಟ ಕಾರ್ಡುಗಳ ಮೇಲೆ ಚಿತ್ರ ಬರೆಯುತ್ತಾಳೆ. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರ, ಇಸ್ಪೀಟೆಲೆಯಷ್ಟು. ಅಷ್ಟರೊಳಗೆ ಗೂಳೂರಿನ ಕೆರೆ, ಕೆರೆಯ ಏರಿ, ಏರಿಯ ಮೇಲೊಂದು ಎಮ್ಮೆ, ಎಮ್ಮೆಯ ಮೇಲೊಂದು ಕೊಕ್ಕರೆ, ಎಲ್ಲವನ್ನೂ ಕೂರಿಸುತ್ತಾಳೆ. ಚಿತ್ರ ಬರೆಯುವುದು ಅವಳಿಗೆ ಹೊಸದಲ್ಲ. ಎರಡು ಕಡೆಯ ನೆಂಟರ ಮಕ್ಕಳ ಸೈನ್ಸ್ ರೆಕಾರ್ಡುಗಳಲ್ಲಿದ್ದ ಜಿರಳೆ, ದಾಸವಾಳ, ಕಪ್ಪೆಯ ಹೃದಯವೆಲ್ಲ ಅವಳ ಕೈಯವೇ. ಕೆಳಗಿನ ಹೆಸರು ಮಾತ್ರ ಆಯಾ ಮಕ್ಕಳದ್ದು. ಹೀಗಿರುವಾಗ ಕುಣಿಗಲ್ಲಿನ ಡಾಕ್ಟರಮ್ಮ ಒಬ್ಬರು, ಮಗಳ ಮದುವೆಗೆ ಬರುವ ಹತ್ತಿರದವರಿಗೆ ಕೊಡುವುದಕ್ಕೆ ನಲವತ್ತು ಕಾರ್ಡು ಬೇಕೆಂದರು. 'ಒಂದೊಂದರ ಮೇಲೂ ನಿಮ್ಮ ಸೈನ್ ಇರ್ಬೇಕು' ಎಂದೂ ಹೇಳಿದರು. ಅವತ್ತು ಸರೋಜ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ನಾನು ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಊಟ ಮುಗಿಸಿದೆ.

ಕಾಗದ ಕತ್ತರಿಸುವ ಹೊಣೆಯನ್ನು ನಾನಾಗಿಯೇ ಹೊತ್ತುಕೊಂಡೆ. 'ನಿಮಗ್ಯಾಕ್ರೀ, ಬೈಂಡಿಂಗ್ ಅಂಗಡೀಲಿ ಕೊಟ್ರೆ ಐದು ನಿಮಿಷದ ಕೆಲ್ಸ' ಎಂದಳು. ಗಣಿತದ ಮೇಷ್ಟ್ರ ಮನೆಗೆ ಆಯತವನ್ನು ಅಂಗಡಿಯಿಂದ ತರಿಸುವುದೇ! 'ಆಯತ ಅಂದ್ರೆ ಏನು ಅಂತ ಅವನಿಗೇನೇ ಗೊತ್ತು?' ಎಂದೆ. ಸ್ಟೀಲ್ ಸ್ಕೇಲು, ಮೂಲೆಮಟ್ಟ, ಕಟ್ಟರ್ ಹಿಡಿದು ಮೊದಲನೆಯ ಕಾರ್ಡಿಗೆ ಒಂದು ಇಡೀ ಬೆಳಗನ್ನು ವ್ಯಯಿಸಿದೆ. ಎರಡು ಕರ್ಣಗಳನ್ನೂ ಅಳೆದೆ, ಸಮವಾಗಿದ್ದವು. ಒಮ್ಮೆ ಸಾಧಿಸಿದ್ದನ್ನು ಮತ್ತೆ ಮತ್ತೆ ಸಾಧಿಸುವುದು ಗಣಿತದಲ್ಲಿ ಮರ್ಯಾದೆಯಲ್ಲ. ಆದ್ದರಿಂದ ಮರುದಿನ ಮೊದಲನೆಯದನ್ನು ಹಾಳೆಯ ಮೇಲಿಟ್ಟು, ಸುತ್ತ ಪೆನ್ಸಿಲ್ ಆಡಿಸಿ, ಗೆರೆಗೆ ಗಾಯವಾಗದಂತೆ ಅದರ ಹೊರಗಿನಿಂದ ಎರಡನೆಯದನ್ನು ಕತ್ತರಿಸಿದೆ. ಮೊದಲನೆಯದರ ಮೇಲೆ ಆಗಲೇ ಬಣ್ಣ ಬಿದ್ದಿದ್ದರಿಂದ ಮೂರನೆಯದನ್ನು ಎರಡನೆಯದರಿಂದ ತೆಗೆದೆ. ಒಂದಕ್ಕೆ ಎರಡು ಸಮ, ಎರಡಕ್ಕೆ ಮೂರು ಸಮ. ಆದ್ದರಿಂದ ಒಂದಕ್ಕೆ ನಲವತ್ತೂ ಸಮ. ಇದರಲ್ಲಿ ತಪ್ಪು ಹುಡುಕುವವರು ಹುಡುಕಲಿ. ದಿನಕ್ಕೊಂದರಂತೆ ನಾನು ಕತ್ತರಿಸಿದೆ, ದಿನಕ್ಕೊಂದರಂತೆ ಅವಳು ಬರೆದಳು, ಬಲಗಡೆ ಕೆಳಮೂಲೆಯಲ್ಲಿ ಕೆಂಪು ಬಣ್ಣದಲ್ಲಿ 'ಸರೋಜ' ಎಂದು ಸಹಿ ಹಾಕಿದಳು. ಮನೆಯಲ್ಲೇ ಬೆಳೆಯುವ ಮಗುವಿನ ಎತ್ತರ ಮನೆಯವರಿಗೆ ತಿಳಿಯುವುದಿಲ್ಲ.

ಮದುವೆಗೆ ನಾಲ್ಕು ದಿನವಿರುವಾಗ ಕಾರ್ಡು ಕೂರಿಸುವ ಮರದ ಚೌಕಟ್ಟುಗಳು ಅಂತರಸನಹಳ್ಳಿಯ ವರ್ಕ್‌ಶಾಪಿನಿಂದ ಬಂದವು. ಮೊದಲನೆಯ ಕಾರ್ಡು ನುಣ್ಣಗೆ ಒಳಗೆ ಹೋಯಿತು. ಮೂರನೆಯದಕ್ಕೆ ಸ್ವಲ್ಪ ಒತ್ತಬೇಕಾಯಿತು. ಹತ್ತನೆಯದು ಹೋಗಲೊಲ್ಲದು. ನಲವತ್ತನೆಯದನ್ನು ಚೌಕಟ್ಟಿನ ಮೇಲಿಟ್ಟರೆ ಚೌಕಟ್ಟೇ ಕಾಣಲಿಲ್ಲ.

'ರೀ, ಇವು ಬೆಳೆದಿವೆ' ಎಂದಳು ಸರೋಜ.

'ಹವಾ ಇರ್ಬೇಕು. ತೇವಕ್ಕೆ ಕಾಗದ ಹಿಗ್ಗತ್ತೆ.'

'ಹೆಬ್ಬೆಟ್ಟಿನಗಲ ಹಿಗ್ಗತ್ತಾ?'

ಅವಳು ಬೈಯಲಿಲ್ಲ. ನಲವತ್ತನ್ನೂ ಸೆರಗಿನಲ್ಲಿ ಇಟ್ಟುಕೊಂಡು ಕೂತಳು. ಬೈದಿದ್ದರೆ ಚೆನ್ನಾಗಿತ್ತು.

ಕಡೆಗೆ ಇಬ್ಬರೂ ಗುಬ್ಬಿ ಗೇಟಿನ ಬೈಂಡರ್ ಇಮ್ತಿಯಾಜನ ಅಂಗಡಿಗೆ ಹೋದೆವು. ಅವನು ಕಾರ್ಡುಗಳನ್ನು ಇಸ್ಪೀಟಿನಂತೆ ಬೀಸಣಿಗೆಯಾಗಿ ಬಿಚ್ಚಿ ಹಿಡಿದು, ಅಂಚುಗಳನ್ನು ನೋಡಿ, ಒಂದೇ ಪ್ರಶ್ನೆ ಕೇಳಿದ.

'ಗೆರೆ ಒಳಗ್ ಕಟ್ ಮಾಡಿದ್ರಾ ಮೇಷ್ಟ್ರೇ, ಹೊರಗಾ?'

'ಗೆರೆಗೆ ಒಳಗೂ ಇಲ್ಲ, ಹೊರಗೂ ಇಲ್ಲ ಕಣಯ್ಯಾ. ಗೆರೆಗೆ ಅಗಲಾನೇ ಇಲ್ಲ.'

'ನಿಮ್ ಪೆನ್ಸಿಲ್‌ಗೆ ಇದ್ಯಲ್ಲ ಸಾರ್' ಎಂದ.

ಮೂವತ್ತು ವರ್ಷದ ರೇಖಾಗಣಿತ ಆ ಅಂಗಡಿಯ ಗೋಂದಿನ ಡಬ್ಬದ ಪಕ್ಕದಲ್ಲಿ ಮುಗಿಯಿತು. ಇಮ್ತಿಯಾಜ ನನ್ನನ್ನು ಬಿಟ್ಟು ಸರೋಜಳ ಕಡೆ ತಿರುಗಿದ. 'ಅಮ್ಮಾ, ಬಲಗಡೆ ಮುಟ್ಟಲ್ಲ, ಎಡಗಡೆಯಿಂದ ತೆಗೀತೀನಿ. ಎತ್ತರ ಮಾತ್ರ ನೀವೇ ಹೇಳ್ಬೇಕು. ಕೆಳಗಿಂದ ತೆಗೆದ್ರೆ ಸೈನ್ ಹೋಯ್ತದೆ. ಮೇಲಿಂದ ತೆಗೆದ್ರೆ ಚಿತ್ರದ್ ತಲೆ ಹೋಯ್ತದೆ.'

'ಕೆಳಗಿಂದ್ಲೇ ತೆಗಿಯಪ್ಪ. ಸೈನ್ ಏನು, ಆಮೇಲೆ ಹಾಕ್ಬೋದು' ಎಂದೆ ನಾನು.

ಸರೋಜ ನನ್ನನ್ನು ನೋಡಿದಳು. 'ಇಷ್ಟ್ ವರ್ಷ ಆಮೇಲೆ ಹಾಕ್ಬೋದು ಅಂತ್ಲೇ ಇದ್ದಿದ್ದು' ಎಂದು, ಇಮ್ತಿಯಾಜನಿಗೆ 'ಹೆಸರಿರ್ಲಿ. ತೆಂಗಿನಮರ ಹೋದ್ರೆ ಹೋಗ್ಲಿ. ಮೇಲಿಂದ್ಲೇ ತೆಗಿ' ಎಂದಳು.

ಮೆಷಿನ್ನಿನ ಅಲಗು ಬಿತ್ತು. ತೆಂಗಿನಮರಗಳು ಹೋದವು, ಒಂದು ಚಂದ್ರ ಹೋಯಿತು, ಎಮ್ಮೆಯ ಮೇಲಿನ ಕೊಕ್ಕರೆ ಹೋಗಿ ಕಾಲೆರಡು ಉಳಿದವು. ಐದೇ ನಿಮಿಷ. ನಲವತ್ತೂ ಒಂದೇ ಅಳತೆ.

ಮರುದಿನ ಕುಣಿಗಲ್ಲಿನಲ್ಲಿ ಡಾಕ್ಟರಮ್ಮ ಚೌಕಟ್ಟುಗಳನ್ನು ಸಾಲಾಗಿ ಮೇಜಿನ ಮೇಲೆ ಜೋಡಿಸಿ, ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ನೋಡಿದರು. ಸರೋಜ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. 'ಚೆನ್ನಾಗಿವೆ ಕಣ್ರೀ. ಎಲ್ಲಾ ತುಂಬ ಹತ್ರದಿಂದ ನೋಡ್ದಂಗಿದೆ' ಎಂದು ಡಾಕ್ಟರಮ್ಮ ಸಹಿಯ ಮೇಲೆ ಬೆರಳಾಡಿಸಿದರು. ಸರೋಜಳ ಬೆರಳು ಸೆರಗು ಬಿಟ್ಟಿತು. ನಾನೂ ಉಸಿರು ಬಿಟ್ಟೆ. ಅಷ್ಟರಲ್ಲಿ ಅವರು ನಲವತ್ತನೆಯದನ್ನು ಕೈಗೆತ್ತಿಕೊಂಡರು. ಅದು ಎಲ್ಲಕ್ಕಿಂತ ದೊಡ್ಡದಾಗಿದ್ದರಿಂದ ಎಲ್ಲಕ್ಕಿಂತ ಹೆಚ್ಚು ಕಳೆದುಕೊಂಡಿತ್ತು. ಅದರಲ್ಲೊಂದು ಸ್ಕೂಟರು, ಸ್ಕೂಟರಿನ ಮೇಲೆ ಕತ್ತಿನವರೆಗೆ ಒಬ್ಬ ಮನುಷ್ಯ.

'ಇದ್ಯಾರ್ರೀ, ತಲೆನೇ ಇಲ್ಲ?'

'ನಮ್ಮನೆಯವ್ರು' ಎಂದಳು ಸರೋಜ.

ಡಾಕ್ಟರಮ್ಮ ಎಕ್ಸ್‌ರೇ ನೋಡುವವರಂತೆ ಕಾರ್ಡನ್ನು ಬೆಳಕಿಗೆ ಹಿಡಿದರು. ನನ್ನನ್ನು ನೋಡಿದರು. ಮತ್ತೆ ಕಾರ್ಡನ್ನು ನೋಡಿದರು.

'ಹೌದು, ಹೌದು. ಹಂಗೇ ಬಂದಿದಾರೆ' ಎಂದರು.

ನಾನು ಬಗ್ಗಿ ನೋಡಿದೆ. ಆಕ್ಷೇಪಿಸುವುದಕ್ಕೆ ಏನೂ ಇರಲಿಲ್ಲ. ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.