ತಿರುಗದ ಭುಜ

ಗುದ್ದಲಿ ಹಿಡಿದು ಬೆಳೆದ ಕೈಗೆ ವಯಸ್ಸಾದ ಮೇಲೆ ಬೇರೆ ಕೋಲು ಕೊಟ್ಟರೆ ಒಂದಲ್ಲ ಒಂದು ಫಜೀತಿ ತಪ್ಪಿದ್ದಲ್ಲ. ನನ್ನ ಕೈಗೆ ಗಾಲ್ಫ್ ಕೋಲು ಕೊಟ್ಟದ್ದು ಮಗಳ ಮದುವೆ ಮಾತುಕತೆ.

ಹೊಲ ಬಿಟ್ಟು ಬಂದ ಮೇಲೆ ದಾವಣಗೆರೆಯಲ್ಲಿ ನನ್ನದು ಕಾಳುಕಡಿ ವ್ಯಾಪಾರ. ಗಂಡಿನ ತಂದೆ ಹರಿಹರದ ಜಮೀನ್ದಾರರು. ಕಾಲುವೆ ಪಕ್ಕದ ಹೊಲದಲ್ಲಿ ಗಾಲ್ಫ್ ಕಲಿಯಲು ಜಾಗ ಮಾಡಿ, ಒಬ್ಬ ಕೋಚನ್ನೂ ಇಟ್ಟಿದ್ದರು. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಜಮೀನ್ದಾರರ ಒಪ್ಪಿಗೆಯೊಂದು ಬಾಕಿ.

“ಮನುಷ್ಯ ಎಂಥೋನು ಅಂತ ಜಾತಕದಾಗೆ ಗೊತ್ತಾಗಂಗಿಲ್ರಿ, ಕೋಲು ಬೀಸೋದು ನೋಡಿದ್ರೆ ಗೊತ್ತಾಗ್ತೈತೆ. ನೀವೂ ಭಾನುವಾರ ಬರ್ರಿ. ಆಮೇಲೆ ಹೇಳ್ತೀನಿ,” ಅಂದರು.

ಹೆಣ್ಣು ಹೆತ್ತವನು ಇಲ್ಲವೆನ್ನಲಾದೀತೆ? ಭಾನುವಾರ ಬಂತೆಂದರೆ ಶಿವಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಸ್ಸು ಹತ್ತತೊಡಗಿದೆ.

ಹೊಸಬ

ಕೋಚ್ ಸಮಾಧಾನದಿಂದ ಹೇಳಿಕೊಟ್ಟ. “ಯಜಮಾನ್ರೆ, ಬಲ ಇರೋದು ಕೈಯಾಗಲ್ಲ. ಮೊದಲು ಸೊಂಟ ತಿರುಗಬೇಕು, ಅದರ ಹಿಂದೆ ಎದೆ, ಆಮೇಲೆ ತೋಳು, ಕೊನೆಗೆ ಕೋಲು. ಚಾಟಿ ಬೀಸಿದಂಗೆ.”

ತಿಳಿಯಿತು ಅಂದೆ. ತಿಳಿದೂ ಇತ್ತು. ಆದರೆ ಬಾಲು ಕಂಡ ಕೂಡಲೇ ಸೊಂಟಕ್ಕಿಂತ ಮೊದಲು ಕೈ ಹೊರಟಿತು. ಕೋಲು ತಲೆಯ ಮೇಲೆ ಎತ್ತಿ ಸೌದೆ ಒಡೆದಂತೆ ಇಳಿಸಿದೆ. ಬಾಲು ಇದ್ದಲ್ಲೇ ಇತ್ತು. ಒಂದು ಹೆಂಟೆ ಮಣ್ಣು ಮಾತ್ರ ಎದ್ದು ಆಚೆ ಬಿತ್ತು.

ಜಮೀನ್ದಾರರು ಬಂದು ಬಗ್ಗಿ ಕುಣಿ ನೋಡಿದರು. “ಆಳ ಚಲೋ ಐತ್ರಿ. ಇಂಥವೇ ಇನ್ನೊಂದು ನಾಲ್ಕು ತೆಗೀರಿ, ತೆಂಗಿನ ಸಸಿ ತರಿಸ್ತೀನಿ.”

ಅರ್ಧ ಕಲಿತವರು

ಅಲ್ಲಿಗೆ ಬರುತ್ತಿದ್ದ ವಕೀಲರೊಬ್ಬರು ನನಗಿಂತ ಎಷ್ಟೋ ಮುಂದಿದ್ದರು. ಅವರಿಗೆ ಗೊತ್ತಿಲ್ಲದ ವಿಷಯವಿಲ್ಲ. ಮೈಭಾರ ಯಾವ ಕಾಲಿನ ಮೇಲೆ, ಮೊಣಕಾಲು ಎಷ್ಟು ಬಗ್ಗಬೇಕು, ಮಣಿಕಟ್ಟು ಯಾವಾಗ ಬಿಡಬೇಕು, ಎಲ್ಲವನ್ನೂ ಕಣ್ಣು ಮುಚ್ಚಿ ಮಂತ್ರದ ಹಾಗೆ ಹೇಳಿಕೊಂಡೇ ಕೋಲು ಎತ್ತುತ್ತಿದ್ದರು.

ಒಂದು ದಿನ ಆ ಮಂತ್ರ ಮುಗಿಯುವುದರೊಳಗೆ ಹೊಲದ ನಾಯಿ ಬಂದು, ಬಾಲು ಮೂಸಿ, ಕಚ್ಚಿಕೊಂಡು ಹೋಯಿತು. ವಕೀಲರು ಕಣ್ಣು ಬಿಡದೆಯೇ ಬೀಸಿದರು. ಹೊಡೆತ ಚಿತ್ರದಲ್ಲಿದ್ದಂತೆ ಇತ್ತು.

“ಭಾರಿ ಬಂತು ಸಾರ್!” ಅಂದ ಕೋಚ್.

“ಬಾಲು ಎಲ್ಲಿಗೆ ಹೋತು?”

“ಕಾಲುವೆ ದಾಟೈತೆ ಸಾರ್. ಇನ್ನೂ ಓಡ್ತಾನೇ ಐತೆ.”

ಪಳಗಿದವರು

ಜಮೀನ್ದಾರರ ಆಟವೇ ಬೇರೆ. ಮೈಗೆ ಶ್ರಮ ಕಾಣದು, ಉಸಿರು ಏರದು. ಟಕ್ ಎಂದರೆ ಬಾಲು ಮಾಯ. ಕೋಚ್ ಅದನ್ನು ಫೋನಿನಲ್ಲಿ ಹಿಡಿದು ನಿಧಾನವಾಗಿ ಓಡಿಸಿ ತೋರಿಸಿದ. ಕೋಲು ಇನ್ನೂ ಮೇಲಿರುವಾಗಲೇ ಸೊಂಟ ಮುಂದಕ್ಕೆ ತಿರುಗಿಯಾಗಿತ್ತು.

“ಸೊಂಟ ಮನೆಗೆ ಹೊರಟೈತೆ, ಕೈ ಇನ್ನೂ ಅಂಗಡ್ಯಾಗೇ ಐತಲ್ಲಪ್ಪ!” ಅಂದೆ.

ಚಹಾ ತಂದಿದ್ದ ಜಮೀನ್ದಾರರ ಮನೆಯವರು ಫೋನಿಗೆ ಇಣುಕಿದರು. “ಊಟಕ್ಕೆ ಏಳ್ರಿ ಅಂದಾಗ ಮಾತ್ರ ಈ ಸೊಂಟ ಅಲ್ಲಾಡಂಗಿಲ್ಲ ನೋಡ್ರಣ್ಣ.”

ನನ್ನ ಭುಜ

ಬರಬರುತ್ತ ನನ್ನ ಸೊಂಟವೂ ತಿರುಗಲು ಕಲಿಯಿತು. ಆದರೆ ಕೋಲು ಹಿಂದಕ್ಕೆ ಒಯ್ಯುವಾಗ ಭುಜ ಅರ್ಧಕ್ಕೇ ನಿಲ್ಲುತ್ತಿತ್ತು. ಕೋಚ್ ಒತ್ತಿ ನೋಡಿದ, ಎಳೆದು ನೋಡಿದ. ನಾನು ಕಾರಣ ಹೇಳಲಿಲ್ಲ. ದೊಡ್ಡವರ ಜಾಗದಲ್ಲಿ ನಿಂತು ತಕರಾರು ತೆಗೆಯಬಾರದೆಂದು ಸುಮ್ಮನಿದ್ದೆ.

ಒಂದು ಭಾನುವಾರ ಜಮೀನ್ದಾರರು ನನ್ನನ್ನು ಪಕ್ಕಕ್ಕೆ ಕರೆದರು. ಮುಖ ಗಂಭೀರವಾಗಿತ್ತು.

“ಮುಚ್ಚುಮರೆ ಬ್ಯಾಡ್ರಿ. ಕೀಲಿನ ಕಾಯಿಲೆ ಏನಾರ ನಿಮ್ಮ ಮನೆತನದಾಗೆ ಐತೇನು? ನಾಳೆ ಮೊಮ್ಮಕ್ಕಳಿಗೂ ಬರೋದಲ್ವೇನ್ರಿ ಅದು?”

ಸಂಬಂಧ ಮುರಿಯಿತು ಅನ್ನಿಸಿತು. ಇನ್ನು ಸುಮ್ಮನಿದ್ದರೆ ಮಗಳಿಗೆ ಅನ್ಯಾಯ.

“ಕಾಯಿಲೆ ಅಲ್ರಿ. ಅಲ್ಲಿ ನೋಡ್ರಿ,” ಅಂದೆ.

ಬಾಲು ಹೋಗುವ ದಾರಿಗೆ ನೇರವಾಗಿ, ಕಾಲುವೆಯ ಆಚೆ, ಈಶ್ವರನ ಗುಡಿಯ ಕಳಸ ಹೊಳೆಯುತ್ತಿತ್ತು.

“ಕೋಲು ಹಿಂದಕ್ಕೆ ಒಯ್ದು ಭುಜ ಪೂರ್ತಿ ತಿರುಗಿಸಿದ್ರೆ ಸ್ವಾಮಿಗೆ ಬೆನ್ನು ಹಾಕಿದಂಗಾಗ್ತೈತೆ. ಗುಡಿಯಿಂದ ಹೊರಗೆ ಬರುವಾಗ್ಲೂ ಹಿಂದ್ಹಿಂದಕ್ಕೆ ಹೆಜ್ಜೆ ಇಟ್ಟು ಬರೋ ಜನ ನಾವು. ಒಂದು ಬಾಲಿಗೋಸ್ಕರ ಹೆಂಗ್ರಿ ಬೆನ್ನು ಹಾಕ್ಲಿ?”

ಇನ್ನೊಂದು ದಿಕ್ಕಿಗೆ ಗುರಿ ಮಾಡಿ ನಿಂತೆ. ಅತ್ತ ರಸ್ತೆ, ಹಾಗಾಗಿ ಬಾಲು ಇಡದೆ ಬರೀ ಕೋಲು ಬೀಸಿ ತೋರಿಸಿದೆ. ಭುಜ ಎಣ್ಣೆ ಹಾಕಿದ ಬಾಗಿಲಿನಂತೆ ತಿರುಗಿತು. ಕೋಚ್ ಬಾಯಿ ತೆರೆದು ನಿಂತ.

ಜಮೀನ್ದಾರರು ಕಳಸವನ್ನೇ ನೋಡುತ್ತ ನಿಂತರು. “ಆ ಗುಡಿ ಕಟ್ಟಿಸಿದ್ದೇ ನಮ್ಮ ಮುತ್ತಜ್ಜ,” ಅಂದರು ಮೆಲ್ಲಗೆ. ಟೋಪಿ ತೆಗೆದು ಎರಡೂ ಕೆನ್ನೆ ಬಡಿದುಕೊಂಡರು. ಆಮೇಲೆ ನನ್ನ ಕೈ ಹಿಡಿದರು. “ಬರ್ರಿ ಬೀಗ್ರೆ, ಎಲೆ ಅಡಿಕೆ ಹಾಕ್ಕೊಂಡು ಲಗ್ನದ ಮಾತಾಡೋಣು.”

ಮುಂದಿನ ಭಾನುವಾರ ಬೀಗರೇ ಮೊದಲು ಕೋಲು ಹಿಡಿದರು. ಓರೆಗಣ್ಣಲ್ಲಿ ಗುಡಿಯ ಕಡೆ ನೋಡಿದರು. ಭುಜ ಅರ್ಧಕ್ಕೇ ನಿಂತಿತು. ಬಾಲು ಉರುಳಿ ಉರುಳಿ ಚಹಾದ ಮೇಜಿನ ಕೆಳಗೆ ಹೋಗಿ ಕೂತಿತು.

ಕೋಚ್ ತಲೆಯ ಮೇಲೆ ಕೈಹೊತ್ತು ಕುಳಿತ.

“ಇಡೀ ಮೈದಾನದಾಗೆ ಆಟ ಬರ್ತಿದ್ದೋರು ಇವರೊಬ್ರೇ ಇದ್ರು. ಇವರನ್ನೂ ಮೊದಲ್ನೇ ಪಾಠಕ್ಕೆ ತಂದು ಕೂರಿಸಿಬಿಟ್ರಲ್ಲ, ಯಜಮಾನ್ರೆ!”